ಬಿಸಿ ತಾಗದ ಕೈ

ಮೊನ್ನೆ ಸಂಜೆ ಅರಸೀಕೆರೆಯ ರೈಲ್ವೆ ಸ್ಟೇಷನ್ನಿನ ಕಡೆಯಿಂದ ಮನೆಗೆ ನಡೆದು ಬರುತ್ತಿದ್ದೆ. ಹೊಸದಾಗಿ ತೆರೆದಿರುವ ಒಂದು ಪುಟ್ಟ ಹೋಟೆಲಿನ ಮುಂದೆ ಬರುವಷ್ಟರಲ್ಲಿ, ಕಾದ ಹಂಚಿನ ಮೇಲೆ ಅಕ್ಕಿಹಿಟ್ಟು ಬೇಯುವ ವಾಸನೆ ಬಂತು. ಅದರೊಳಗೆ ಸಬ್ಬಸಿಗೆ ಸೊಪ್ಪಿನ ಘಮ. ಅಂಚು ತುಸು ಸೀದಿತ್ತೋ ಏನೋ... ನನ್ನನ್ನು ನಿಲ್ಲಿಸಿದ್ದು ಆ ಸೀದ ವಾಸನೆಯೇ. ಹಸಿವಿರಲಿಲ್ಲ, ಒಳಗೂ ಹೋಗಲಿಲ್ಲ. ತರಕಾರಿ ಚೀಲ ಹಿಡಿದುಕೊಂಡು ಸುಮ್ಮನೆ ರಸ್ತೆ ಪಕ್ಕ ನಿಂತಿದ್ದೆ. ಹಳೇಬೀಡಿನ ರೊಟ್ಟಿ ಅಕ್ಕ ನೆನಪಾಗಿದ್ದಳು.

ತೊಂಬತ್ತರ ದಶಕದ ನಡುವಿನ ಮಾತು ಇದು. ಟಿಸಿಎಚ್ ಮುಗಿಸಿದ್ದ ನನಗೆ ಹಳೇಬೀಡಿನಲ್ಲಿ ಸರ್ಕಾರಿ ಶಾಲೆಯ ಕೆಲಸ ಸಿಕ್ಕಿತ್ತು. ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದರು. ನಮ್ಮ ನಡುಮನೆಯ ಗೋಡೆಯಲ್ಲಿ ದೇವರ ಪಟಗಳಿರಲಿಲ್ಲ, ಬುದ್ಧನ ಪಟವೊಂದಿತ್ತು. ಹಳೇಬೀಡಿನಲ್ಲಿ ರೂಮು ಹುಡುಕುತ್ತಾ ಹೋದಾಗ ಎಲ್ಲ ಮನೆಯಲ್ಲೂ ಮೊದಲು ಕಾಫಿ ಕೊಡುವ ಮಾತು, ಆಮೇಲೆ "ನಿಮ್ಮದು ಯಾವ ಪೈಕಿ?" ಎಂಬ ಪ್ರಶ್ನೆ. ನಾನು ಹೇಳಿದ ಕೂಡಲೇ ಆ ರೂಮು ಅವರ ನೆಂಟರಿಗೆ ಬೇಕಾಗಿಬಿಡುತ್ತಿತ್ತು. ಕಾಫಿಯೂ ಬರುತ್ತಿರಲಿಲ್ಲ. ಇದು ನನಗೆ ಹೊಸದೇನಲ್ಲ, ಆದರೂ ಆ ದಿನ ಕಾಲು ಸೋತು ಬಸ್ ನಿಲ್ದಾಣಕ್ಕೆ ವಾಪಸ್ಸು ಬಂದಾಗ ಅಳು ಬರುವ ಹಾಗಾಗಿತ್ತು.

ನಿಲ್ದಾಣದ ಎದುರು ಹೆಂಚಿನ ಮಾಡಿನ ಒಂದು ಮನೆ. ಮುಂದಿನ ಜಗಲಿಯೇ ಹೋಟೆಲು. ಮಣ್ಣಿನ ಒಲೆ, ಮೇಲೆ ದೊಡ್ಡ ಹಂಚು, ಹಂಚಿನ ಹಿಂದೆ ಗಟ್ಟಿಮುಟ್ಟಾದ ಒಬ್ಬ ಹೆಂಗಸು. ನಲವತ್ತರ ಆಸುಪಾಸು ಇರಬಹುದು. ಅವಳು ಮಾಡುತ್ತಿದ್ದುದು ಅಕ್ಕಿರೊಟ್ಟಿ ಒಂದನ್ನೇ, ಜೊತೆಗೆ ಹುಚ್ಚೆಳ್ಳಿನ ಚಟ್ನಿ. ಊರಿಗೆಲ್ಲ ಅವಳು ರೊಟ್ಟಿ ಅಕ್ಕ. ಎರಡು ರೊಟ್ಟಿ ತಿಂದು, ಇಲ್ಲೆಲ್ಲಾದರೂ ರೂಮು ಸಿಗುತ್ತದೆಯೇ ಎಂದು ಕೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಈ ಪಕ್ಕದ್ದೇ ಖಾಲಿ ಐತೆ ಟೀಚರಮ್ಮ. ಬೆಳಿಗ್ಗೆಲ್ಲ ಹೊಗೆ ಬತ್ತೈತೆ. ತಡ್ಕತೀರಾ?"

ತಡ್ಕತೀನಿ ಎಂದೆ. ಅವಳು ಬೇರೇನನ್ನೂ ಕೇಳಲಿಲ್ಲ. ಹಾಗೆ ನಾನು ಆ ಮನೆಯ ಪಕ್ಕದ ಕೋಣೆಗೆ ಬಂದೆ.

ಅಕ್ಕನ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಆಲೂಗಡ್ಡೆ ಮಂಡಿಯಲ್ಲಿ ಮೂಟೆ ಹೊರುವ ಕೆಲಸ ಅವರದು. ಮಾತು ಬಹಳ ಕಮ್ಮಿ. ಮಕ್ಕಳಿರಲಿಲ್ಲ. ನಸುಕಿಗೇ ಎದ್ದು ಒಲೆ ಹಚ್ಚಿಕೊಟ್ಟು, ನೀರು ತುಂಬಿಟ್ಟು ಮಂಡಿಗೆ ಹೋಗುತ್ತಿದ್ದರು. ಆಮೇಲಿನದೆಲ್ಲ ಅಕ್ಕನ ರಾಜ್ಯ.

ಅಕ್ಕಿರೊಟ್ಟಿಯನ್ನು ಹಂಚಿನ ಮೇಲೇ ತಟ್ಟುವವರಿಗೆ ಒಂದು ಕಷ್ಟ ಇರುತ್ತದೆ. ಮೊದಲ ರೊಟ್ಟಿ ಬೆಂದಾಗ ಹಂಚು ಕಾದಿರುತ್ತದೆ, ಕಾದ ಹಂಚಿನ ಮೇಲೆ ಎರಡನೆಯದನ್ನು ಕೈಯಲ್ಲಿ ತಟ್ಟಲಾಗುವುದಿಲ್ಲ. ನಮ್ಮಮ್ಮ ಹಂಚಿನ ಹಿಂಬದಿಗೆ ನೀರು ಹೊಯ್ದು ತಣ್ಣಗೆ ಮಾಡಿಕೊಳ್ಳುತ್ತಿದ್ದಳು. ಕೆಲವರು ಬಾಳೆಲೆಯ ಮೇಲೆ ತಟ್ಟಿ ಮಗುಚುತ್ತಾರೆ. ರೊಟ್ಟಿ ಅಕ್ಕನಿಗೆ ಇದಾವುದೂ ಬೇಕಿರಲಿಲ್ಲ. ಹೊಗೆಯಾಡುವ ಹಂಚಿನ ಮೇಲೆ ಹಿಟ್ಟಿನ ಉಂಡೆ ಇಟ್ಟು, ಬೆರಳು ನೀರಿಗೆ ಅದ್ದಿ, ಸರಸರ ತಟ್ಟಿ ತೆಳ್ಳಗೆ ಹರಡಿಬಿಡುತ್ತಿದ್ದಳು. ಮಗುಚುವುದೂ ಬೆರಳಿನಲ್ಲೇ. ಒಲೆಯೊಳಗಿನ ಕೊಳ್ಳಿ ಸರಿಮಾಡುವುದೂ ಬೆರಳಿನಲ್ಲೇ. ಗುಡಿ ನೋಡಲು ಬಂದ ಪ್ರವಾಸಿಗರು ಹೊಯ್ಸಳರ ಕಲ್ಲಿನ ಫೋಟೋ ತೆಗೆದು ಮುಗಿಸಿ, ಬಸ್ಸು ಹತ್ತುವ ಮುಂಚೆ ಅಕ್ಕನ ಕೈಯ ಫೋಟೋ ತೆಗೆದುಕೊಳ್ಳುತ್ತಿದ್ದರು.

"ಬೆಂಕಿಗೂ ನಂಗೂ ನೆಂಟಸ್ತನ ಕಣ್ರೀ" ಎಂದು ಅಕ್ಕ ನಗುತ್ತಿದ್ದಳು. ಆ ಕೈ ಅವಳ ಹೆಮ್ಮೆ.

ಬಲಗೈಯ ಕಿರುಬೆರಳು ಸ್ವಲ್ಪ ಒಳಕ್ಕೆ ಬಾಗಿತ್ತು. ಅದರ ಪಕ್ಕದ್ದೂ ಅದೇ ದಾರಿ ಹಿಡಿದಿತ್ತು. ಒಮ್ಮೊಮ್ಮೆ ಲೋಟ ಕೈಜಾರಿ ಬೀಳುತ್ತಿತ್ತು. ಎಡ ಮೊಣಕೈಯ ಮೇಲೆ ಮಂಕಾದ ಒಂದು ಮಚ್ಚೆ, ಅಂಗೈಯಷ್ಟಗಲ. ತಟ್ಟಿ ತಟ್ಟಿ ಬೆರಳು ಹಿಂಗಾಗಿವೆ, ಬೆವರಿಗೆ ಚರ್ಮ ಹಂಗಾಗಿದೆ ಎಂದು ಅವಳು ಹೇಳಿದ್ದನ್ನು ನಾನೂ ನಂಬಿದ್ದೆ. ನಂಬದಿರಲು ಕಾರಣವೇನಿತ್ತು...

ಆ ವರ್ಷದ ಮಳೆಗಾಲ ಕಳೆದ ಮೇಲೆ ನಮ್ಮ ಶಾಲೆಗೆ ಆರೋಗ್ಯ ಇಲಾಖೆಯವರೊಬ್ಬರು ಬಂದರು. ಊರೂರು ತಿರುಗಿ ಕುಷ್ಠರೋಗ ಪತ್ತೆ ಹಚ್ಚುವುದು ಅವರ ಕೆಲಸ. ಹಳೇ ಮೊಪೆಡ್ಡು, ಹೆಗಲಿಗೆ ಕ್ಯಾನ್ವಾಸ್ ಚೀಲ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಷರಟು. ಜನ ಅವರನ್ನು ಚರ್ಮದ ಸಾಹೇಬ್ರು ಎನ್ನುತ್ತಿದ್ದರು. ಮಕ್ಕಳ ಬೆನ್ನು, ತೋಳು ನೋಡಿದ ಮೇಲೆ ಟೀಚರುಗಳನ್ನೆಲ್ಲ ಕೂರಿಸಿಕೊಂಡು ಪಾಠ ಮಾಡಿದರು. ಇದು ಚರ್ಮದ ಕಾಯಿಲೆ ಅಂತ ಜನ ಅಂದುಕೊಳ್ಳುತ್ತಾರೆ, ನಿಜವಾಗಿ ಇದು ನರಗಳನ್ನು ಹಿಡಿಯುವ ಕಾಯಿಲೆ ಎಂದರು. ಮೊಣಕೈ ಬಾಗಿಲಿಗೆ ತಗುಲಿದರೆ ಕಿರುಬೆರಳಿನವರೆಗೆ ಕರೆಂಟು ಹೊಡೆದ ಹಾಗಾಗುತ್ತದಲ್ಲ, ಆ ನರ ಊದಿ ಹಗ್ಗದ ಹಾಗಾಗುತ್ತದಂತೆ. ಮಚ್ಚೆಯ ಮೇಲೆ ಸ್ಪರ್ಶ ಇರುವುದಿಲ್ಲ. ಆಮೇಲೆ ಬೆರಳು ಬಾಗುತ್ತವೆ. "ಬಿಸಿ ಗೊತ್ತಾಗಲ್ಲ. ಸುಟ್ಟರೂ ಗೊತ್ತಾಗಲ್ಲ. ನೋವಾಗದೆ ಇರೋದೇ ಇದರ ದೊಡ್ಡ ತೊಂದರೆ. ನೋವಾದ್ರೆ ಜನ ಆಸ್ಪತ್ರೆಗೆ ಬರ್ತಾರೆ" ಎಂದರು.

ಅಕ್ಕನ ಬಾಗಿದ ಬೆರಳು ನನ್ನ ಕಣ್ಮುಂದೆ ಬಂತು. ಮಿಕ್ಕ ಪಾಠ ಕಿವಿಗೆ ಬೀಳಲಿಲ್ಲ.

ಹೇಳುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ನಾನು ಡಾಕ್ಟರಲ್ಲ. ಇದ್ದರೂ ಇರಬಹುದು, ಇಲ್ಲದಿರಲೂಬಹುದು. ಆ ಹೆಸರು ಒಮ್ಮೆ ಬಾಯಿಂದ ಹೊರಬಿದ್ದರೆ ಅದು ಸುಳ್ಳಾದರೂ ಊರು ಬಿಡುವುದಿಲ್ಲ. ಅದರಲ್ಲೂ ಅನ್ನ ಮಾರುವ ಕೈ. ಭಾನುವಾರ ಮಧ್ಯಾಹ್ನ ಅಕ್ಕ ಹಿತ್ತಲಿನಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಪಕ್ಕದಲ್ಲಿ ಕೂತು, ಸಾಹೇಬರು ಹೇಳಿದ್ದನ್ನೆಲ್ಲ ಮೆಲ್ಲಗೆ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಯಾವ ರೋಗ ಅಂತ ಹೇಳ್ತಿದೀರಾ ನೀವು?"

"ಒಂದ್ಸಲ ತೋರಿಸಿಬಿಡಕ್ಕ. ಇಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ."

"ನಮ್ ವಂಶದಲ್ಲೇ ಯಾರ್ಗೂ ಇಲ್ಲ ಅದು. ಏನೋ ಓದ್ದೋರು ಅಂತ ಮರ್ಯಾದೆ ಕೊಟ್ರೆ..." ಎಂದವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನದಿಂದ ಮಾತು ನಿಂತಿತು. ಆದರೆ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ನನ್ನ ಬಾಗಿಲ ಬಳಿ ತಟ್ಟೆಯಲ್ಲಿ ಮುಚ್ಚಿಟ್ಟ ರೊಟ್ಟಿ ಎಂದಿನ ಹಾಗೆ ಇರುತ್ತಿತ್ತು. ಚಟ್ನಿಯೂ ಎಂದಿನಷ್ಟೇ. ಸಿಟ್ಟಿನಲ್ಲಿ ಖಾರವೇನಾದರೂ ಜಾಸ್ತಿ ಹಾಕಿದ್ದಾಳೆಯೇ ಎಂದು ನೋಡಿದೆ, ಹಾಕಿರಲಿಲ್ಲ.

ಹೀಗೇ ಒಂದೆರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಹಾಸನದ ಬಸ್ಸು ಬಂದು ನಿಂತಿತ್ತು. ಜಗಲಿಯ ಬೆಂಚಿನ ತುಂಬ ಜನ. ಅಕ್ಕ ಯಾರೊಂದಿಗೋ ಮಾತಾಡುತ್ತಾ ರೊಟ್ಟಿ ತಟ್ಟುತ್ತಿದ್ದಳು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಸೀದ ವಾಸನೆ ಬಂತು.

"ಅಕ್ಕೋ, ರೊಟ್ಟಿ ಸೀಯ್ತೈತೆ ನೋಡು" ಎಂದ ಬೆಂಚಿನಲ್ಲಿದ್ದವನೊಬ್ಬ.

ಅಕ್ಕ ರೊಟ್ಟಿ ಎತ್ತಿ ನೋಡಿದಳು. ಅದಿನ್ನೂ ಬೆಳ್ಳಗಿತ್ತು. ಆಮೇಲೆ ತನ್ನ ಕೈ ನೋಡಿಕೊಂಡಳು. ಕಿರುಬೆರಳಿನ ಕೆಳಗೆ ಅಂಗೈಯ ಅಂಚು ಹಂಚಿನ ಅಂಚಿಗೆ ಒತ್ತಿಕೊಂಡಿತ್ತು. ಕೈ ಎತ್ತಿದಾಗ ಚರ್ಮ ಅಲ್ಲೇ ಉಳಿಯಿತು. ಅವಳು ಕೂಗಲಿಲ್ಲ, ಮುಖ ಕಿವಿಚಲಿಲ್ಲ. ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡುತ್ತಿದ್ದಳು. ನಂತರ ಸೆರಗಿನಲ್ಲಿ ಕೈ ಸುತ್ತಿಕೊಂಡು, "ಇವತ್ತಿಗೆ ಹಿಟ್ಟು ಆಗೋಯ್ತು, ನಾಳೆ ಬನ್ನಿ" ಎಂದಳು. ಹಿಟ್ಟಿನ ಬೋಗುಣಿ ತುಂಬಿತ್ತು.

ಜನ ಹೋದ ಮೇಲೆ ನನ್ನ ಬಾಗಿಲಿಗೆ ಬಂದು ನಿಂತಳು. "ಆ ಸಾಹೇಬ್ರು ಎಲ್ಲಿ ಸಿಗ್ತಾರೆ?" ಎಂದಷ್ಟೇ ಕೇಳಿದಳು.

ಸಾಹೇಬರು ನನ್ನ ಕೋಣೆಯಲ್ಲೇ ಅವಳನ್ನು ಪರೀಕ್ಷೆ ಮಾಡಿದರು. ಭಾವ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ಮೊದಲು ಗಾಯಕ್ಕೆ ಪಟ್ಟಿ ಕಟ್ಟಿದರು. ಆಮೇಲೆ ಮೊಣಕೈಯ ಹಿಂದೆ ಬೆರಳಾಡಿಸಿ ನರವನ್ನು ಹುಡುಕಿದರು. ಚೀಲದಿಂದ ಒಂದಿಷ್ಟು ಹತ್ತಿ ತೆಗೆದು ತುದಿಯನ್ನು ಎಳೆಯಾಗಿ ಹೊಸೆದು, "ಕಣ್ಮುಚ್ಚಿಕೊಳ್ಳಮ್ಮ. ಎಲ್ಲೆಲ್ಲಿ ಮುಟ್ತೀನೋ ಅಲ್ಲಲ್ಲಿ ಬೆರಳಿಟ್ಟು ತೋರಿಸು" ಎಂದರು.

ಅಕ್ಕ ಕಣ್ಣು ಮುಚ್ಚಿದಳು. ಹೆಬ್ಬೆರಳು ಮುಟ್ಟಿದಾಗ ತೋರಿಸಿದಳು. ತೋರುಬೆರಳು ಮುಟ್ಟಿದಾಗ ಸ್ವಲ್ಪ ತಡವಾಗಿ ತೋರಿಸಿದಳು. ಆಮೇಲೆ ಸಾಹೇಬರು ಕಿರುಬೆರಳು, ಎಡಗೈಯ ಉಂಗುರದ ಬೆರಳು, ಮೊಣಕೈಯ ಮಚ್ಚೆ, ಹೀಗೆ ಒಂದೊಂದಾಗಿ ಮುಟ್ಟುತ್ತಾ ಹೋದರು. ಅಕ್ಕ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದಳು.

"ಮುಟ್ಟಿ ಮತ್ತೆ, ಯಾಕೆ ಸುಮ್ಕೆ ಕೂತ್ರಿ?" ಎಂದಳು.

ಸಾಹೇಬರ ಕೈಯಲ್ಲಿದ್ದ ಹತ್ತಿ ಆಗ ಅವಳ ಮಚ್ಚೆಯ ಮೇಲೇ ಇತ್ತು. ನಾನು ಕಿಟಕಿಯ ಕಡೆ ತಿರುಗಿದೆ.

ಬೇಲೂರಿನ ಆಸ್ಪತ್ರೆಗೆ ನಾವು ಮೂವರೂ ಹೋದೆವು. ಕಿವಿಯ ಹಾಲೆಯಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಿ, ಅದೇ ಎಂದು ಡಾಕ್ಟರು ಹೇಳಿದರು. ಗುಣವಾಗುತ್ತದೆ, ಮಾತ್ರೆ ಸರ್ಕಾರವೇ ಕೊಡುತ್ತದೆ, ತಪ್ಪಿಸದೆ ನುಂಗಬೇಕು ಎಂದರು. ಭಾವನ ಮೈಯನ್ನೂ ಪರೀಕ್ಷೆ ಮಾಡಿದರು. ಅವರಿಗೇನೂ ಇರಲಿಲ್ಲ. ನೆಂಟರಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದಾಗ ಅಕ್ಕ ಇಲ್ಲ ಎಂದಳು. ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ಇದ್ದಕ್ಕಿದ್ದ ಹಾಗೆ ಹೇಳಿದಳು.

"ನಮ್ ತಾತಂಗೆ ಇತ್ತು ಅನ್ಸುತ್ತೆ ಟೀಚರಮ್ಮ."

ಅವಳು ಹುಟ್ಟಿದ್ದು ಬಿಕ್ಕೋಡಿನ ಕಡೆ, ಕಾಫಿ ತೋಟದ ಕೂಲಿ ಲೈನಿನ ಸಾಲುಮನೆಯಲ್ಲಿ. ತಾತನಿಗೆ ಲೈನಿನ ಆಚೆಗೊಂದು ಗುಡಿಸಲು ಹಾಕಿಕೊಟ್ಟಿದ್ದರಂತೆ. ಮೈ ಸರಿಯಿಲ್ಲ ಎಂದು ಮನೆಯವರು ಹೇಳುತ್ತಿದ್ದರೇ ಹೊರತು ಏನೆಂದು ಹೇಳುತ್ತಿರಲಿಲ್ಲ. ಅಪ್ಪ ಅಮ್ಮ ತೋಟಕ್ಕೆ ಹೋದರೆ ಇವಳು ದಿನವಿಡೀ ತಾತನ ಜೊತೆ. ಚಳಿಗಾಲದಲ್ಲಿ ಅವನ ಕಂಬಳಿಯೊಳಗೇ ನಿದ್ದೆ. ಈ ಕಾಯಿಲೆಯ ಕ್ರಿಮಿ ಉಸಿರಿನಲ್ಲಿ ಬರುತ್ತದೆ, ಅದೂ ಬಹಳ ಕಾಲ ಒಟ್ಟಿಗಿದ್ದವರಿಗೆ, ಅವರಲ್ಲೂ ಎಲ್ಲೋ ಕೆಲವರಿಗೆ ಮಾತ್ರ, ಬಂದರೂ ಎಷ್ಟೋ ವರ್ಷ ಸದ್ದಿಲ್ಲದೆ ಕೂತಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಆ ವರ್ಷಗಳನ್ನು ಹಿಂದಕ್ಕೆ ಎಣಿಸಿಕೊಂಡು ಹೋಗಿ ಆ ಕಂಬಳಿಯನ್ನು ಮುಟ್ಟಿದ್ದಳು.

ಅವಳಿಗೆ ತಾತನ ಮೇಲೆ ಸಿಟ್ಟು ಬರಬಹುದು ಎಂದುಕೊಂಡೆ. "ಇದೊಂದೇ ಕೊಟ್ಟೋಗ್ಲಿಲ್ಲ ಬಿಡಿ ಅವ್ನು" ಎಂದಳು. "ರೊಟ್ಟಿ ತಟ್ಟೋದು ಕಲ್ಸಿದ್ದೂ ಅವ್ನೇಯ." ಆಮೇಲೆ ಹಳೇಬೀಡಿನ ಕೆರೆ ಕಾಣುವವರೆಗೂ ತಾತನ ಕಥೆಯೇ. ಹೇಳುತ್ತಾ ಹೇಳುತ್ತಾ ನಗುತ್ತಿದ್ದಳು ಕೂಡ.

ಗಾಯ ಮಾಯುವ ತನಕ ಒಲೆ ಹಚ್ಚಲಿಲ್ಲ. ಆಮೇಲೆ ಹಂಚಿನ ಮುಂದೆ ಕೂತವರು ಭಾವ! ಮೂಟೆ ಹೊತ್ತ ಆ ದಪ್ಪ ಕೈಗಳು ಬಾಳೆಲೆಯ ಮೇಲೆ ರೊಟ್ಟಿ ತಟ್ಟುವುದನ್ನು ನೋಡಲು ಮಂಡಿಯ ಜೊತೆಗಾರರು ಬಂದು ನಿಂತರು. "ಏನ್ಲಾ ಇದು, ರೊಟ್ಟಿನೋ ಕರ್ನಾಟಕದ ಮ್ಯಾಪೋ?" ಎಂದು ಒಬ್ಬ ಕೇಳಿದ. ಅಕ್ಕ ಹಿಂದೆ ಮಣೆಯ ಮೇಲೆ ಕೂತು, ನೀರು ಕಮ್ಮಿ ಆಯ್ತು, ಅಂಚು ದಪ್ಪ ಆಯ್ತು ಎಂದು ಅಪ್ಪಣೆ ಕೊಡುತ್ತಿದ್ದಳು. ಸಾಹೇಬರು ಅವಳಿಗೆ ಮರದ ಹಿಡಿಯ ಸಟ್ಟುಗ, ಒಂದು ಇಕ್ಕಳ ತಂದುಕೊಟ್ಟಿದ್ದರು. ದಿನಾ ಸಂಜೆ ಕೈಯನ್ನು ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಬಾಗಿದ ಬೆರಳುಗಳನ್ನು ತೊಡೆಯ ಮೇಲಿಟ್ಟು ನೀವುವುದನ್ನು ಕಲಿಸಿದ್ದರು. ಕಣ್ಣಿನಿಂದಲೇ ಕೈ ಕಾಯಬೇಕು ಎಂದಿದ್ದರು. ಆ ಸಂಜೆಗಳು ನನಗೆ ಬಹಳ ಇಷ್ಟ. ನಾನು ಮಕ್ಕಳ ಕಾಪಿ ತಿದ್ದುತ್ತಾ ಕೂತಿರುತ್ತಿದ್ದೆ, ಭಾವ ಎಣ್ಣೆ ಹಚ್ಚುತ್ತಾ ಕೂತಿರುತ್ತಿದ್ದರು.

ಆದರೆ ಮಾತ್ರೆಗೆ ಅಕ್ಕನ ಮೈಬಣ್ಣ ಕಪ್ಪಾಗುತ್ತಾ ಬಂತು. ಮುಖ ತಾಮ್ರ ಮಾಸಿದ ಹಾಗಾಯಿತು. ತಿಂಗಳಿಗೊಮ್ಮೆ ಸಾಹೇಬರ ಮೊಪೆಡ್ಡು ಬಂದು ಜಗಲಿಯ ಮುಂದೆ ನಿಲ್ಲುತ್ತಿತ್ತು. ಆ ಮೊಪೆಡ್ಡು ಯಾಕೆ ಬರುತ್ತದೆ ಎಂಬುದು ಊರಿಗೆ ಗೊತ್ತು. ಯಾರೂ ಏನೂ ಅನ್ನಲಿಲ್ಲ, ಜಗಳ ಮಾಡಲಿಲ್ಲ. ಬಸ್ಸಿನವರು ಆಚೆ ಬದಿಯ ಕ್ಯಾಂಟೀನಿಗೆ ಹೋಗತೊಡಗಿದರು, ಅಷ್ಟೆ. ಪಕ್ಕದ ಸೈಕಲ್ ಅಂಗಡಿಯವನು ತನ್ನ ಮುಂದಿದ್ದ ಸ್ಟೂಲನ್ನು ಅಂಗಡಿಯ ಇನ್ನೊಂದು ಮೂಲೆಗೆ ಎತ್ತಿಟ್ಟ. ಭಾವ ತಟ್ಟಿದ ರೊಟ್ಟಿ ತಣ್ಣಗಾಗಿ ಬುಟ್ಟಿಯಲ್ಲೇ ಉಳಿಯುತ್ತಿತ್ತು.

ಆ ಖಾಲಿ ಬೆಂಚಿನ ಮೇಲೆ ದಿನಾ ಕೂತು ತಿನ್ನುತ್ತಿದ್ದವಳು ನಾನೊಬ್ಬಳೇ. ಬೇಕೆಂತಲೇ ರಸ್ತೆಗೆ ಮುಖ ಮಾಡಿ ಕೂರುತ್ತಿದ್ದೆ. ಒಂದು ದಿನ ಅಕ್ಕ ಕೇಳಿದಳು. "ನಿಮ್ಗೆ ಹೇಸ್ಗೆ ಅನ್ಸಲ್ವಾ ಟೀಚರಮ್ಮ? ನಿಜ ಹೇಳಿ."

ನಾನು ನನ್ನ ಅಜ್ಜನ ಊರಿನ ಮಾತು ಹೇಳಿದೆ. ಅಲ್ಲಿಯ ಹೋಟೆಲಿನಲ್ಲಿ ನಮ್ಮವರಿಗೆಂದು ಹೊರಗಿನ ಗೂಡಿನಲ್ಲಿ ಬೇರೆ ಲೋಟ ಇಡುತ್ತಿದ್ದರು. ಕುಡಿದು, ತೊಳೆದು, ಮತ್ತೆ ಗೂಡಿನಲ್ಲೇ ಇಡಬೇಕಿತ್ತು. ಅಜ್ಜ ಆ ಹೋಟೆಲಿನ ಕಾಫಿಯನ್ನು ಕೊನೆಯವರೆಗೂ ಕುಡಿಯಲಿಲ್ಲ. ಮುಟ್ಟಿದರೆ ಏನೋ ಆಗುತ್ತದೆ ಎಂದು ಜನ ದೂರ ಸರಿದಾಗ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ ಅಕ್ಕ ಎಂದೆ. ರೂಮು ಕೊಟ್ಟವಳಿಗೆ ಇಷ್ಟು ದಿನವಾದ ಮೇಲೆ ಇದನ್ನು ಹೇಳುತ್ತಿದ್ದೇನಲ್ಲ ಎಂಬ ಅಳುಕು ಒಳಗೆ ಇದ್ದೇ ಇತ್ತು.

ಅಕ್ಕ ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದಳು. "ಗೊತ್ತಿತ್ತು ಬಿಡಿ. ನೀವು ರೂಮು ಕೇಳಾಕೆ ಬರೋಕೆ ಮುಂಚೇನೆ ಆ ಬೀದಿಯೋರು ಬಂದು ಹೇಳೋಗಿದ್ರು. ಹೊಗೆ ತಡ್ಕತೀರಾ ಇಲ್ವಾ ಅನ್ನೋದೇ ನಂಗೆ ಯೋಚ್ನೆ ಆಗಿತ್ತು."

ನಾವಿಬ್ಬರೂ ನಕ್ಕೆವು. ಎಷ್ಟು ನಕ್ಕೆವೆಂದರೆ ಸೈಕಲ್ ಅಂಗಡಿಯವನು ಇಣುಕಿ ನೋಡಿದ.

ಆ ಸೈಕಲ್ ಅಂಗಡಿಯವನಿಂದಲೇ ಊರು ತಿರುಗಿತು ಎಂದರೆ ಈಗಲೂ ನನಗೆ ನಗು ಬರುತ್ತದೆ. ಸಾಹೇಬರು ಬಂದ ಒಂದು ದಿನ, ಅವರು ಅಕ್ಕನಿಗೆ ಮಾತ್ರೆ ನುಂಗಿಸಿ ಎಂದಿನ ಹಾಗೆ ಜಗಲಿಯಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದರು. ಅವನು ಹಿತ್ತಲಿನ ಕಡೆಯಿಂದ ಬಂದು ಕಂಬದ ಮರೆಯಲ್ಲಿ ನಿಂತ. ಮುಖ ಬಿಳಿಚಿಕೊಂಡಿತ್ತು. ಷರಟು ಎತ್ತಿ ಬೆನ್ನು ತೋರಿಸಿದ. ಸೊಂಟದ ಮೇಲೆ ಕೆಂಪಗೆ ದುಂಡಗೆ ಒಂದು ಮಚ್ಚೆ.

"ಸಾಮಿ, ನಂಗೂ ಬಂದೈತೆ" ಎಂದ. ಅಳುತ್ತಿದ್ದ. "ಪಕ್ಕದಲ್ಲೇ ಇದ್ನಲ್ಲ, ಗಾಳಿ ಬಡಿದೈತೆ."

ಸಾಹೇಬರು ಕೈ ತೊಳೆದುಕೊಂಡು, ಕನ್ನಡಕ ಏರಿಸಿ ನೋಡಿದರು. "ತುರಿಕೆ ಐತಾ?"

"ಸತ್ತೋಗಂಗೆ ತುರಿಸ್ತೈತೆ."

"ಹಂಗಾದ್ರೆ ಇದು ಹುಳುಕಡ್ಡಿ ಕಣಯ್ಯ. ಮುಲಾಮು ಹಚ್ಚು, ಬೆವರು ಬನಿಯನ್ನು ದಿನಾ ಒಗಿ."

ಅವನು ಸ್ವಲ್ಪ ಹೊತ್ತು ನಂಬಲಿಲ್ಲ. ನಂಬಿದ ಮೇಲೆ ಅಲ್ಲೇ ಕುಸಿದು ಕೂತ. ಕೂತದ್ದು ಅಕ್ಕನ ಬೆಂಚಿನ ಮೇಲೆ. ಅಕ್ಕ ಒಂದು ತಟ್ಟೆಯಲ್ಲಿ ರೊಟ್ಟಿ ಹಾಕಿ ಅವನ ಮುಂದಿಟ್ಟಳು. ತಟ್ಟೆಯ ಕಡೆ ನೋಡಿದ, ಅಕ್ಕನ ಮುಖ ನೋಡಿದ. ತಿಂದ. ಇನ್ನೊಂದು ಕೇಳಿ ತಿಂದ. ಕಂಬದ ಮರೆ ಬಿಟ್ಟು ರಸ್ತೆ ಬದಿಯಿಂದಲೇ ತನ್ನ ಅಂಗಡಿಗೆ ನಡೆದುಕೊಂಡು ಹೋದ.

ಬಾಯಿಬಡುಕ ಅವನು. ಸಾಹೇಬರಿಗೆ ತೋರಿಸಿದ್ದನ್ನು ಊರಿಗೆಲ್ಲ ಅವನೇ ಹೇಳಿದ. ಮುಂದಿನ ತಿಂಗಳು ಸಾಹೇಬರು ಬರುವ ಹೊತ್ತಿಗೆ ಜಗಲಿಯಲ್ಲಿ ಏಳೆಂಟು ಜನ ಕಾಯುತ್ತಿದ್ದರು. ಪಾದ ಜೋಮು ಹಿಡಿದು ಚಪ್ಪಲಿ ಕಳಚಿಕೊಂಡರೂ ಗೊತ್ತಾಗದ ಬಸ್ ಡ್ರೈವರನಿಗೆ ಸಕ್ಕರೆ ಕಾಯಿಲೆ ನರ ತಿನ್ನುತ್ತಿತ್ತು. ಸುಗ್ಗಿಯಲ್ಲಿ ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಆಲೂಗಡ್ಡೆ ಆರಿಸಿದ ಮುದುಕನ ಪಾದ ಎತ್ತಿಡಲು ಬಾರದೆ ಪಟಪಟ ಬಡಿಯುತ್ತಿತ್ತು. ಮೊಣಕಾಲಿನ ಪಕ್ಕ ನರ ಒತ್ತಿಹೋಗಿದೆ, ಹಾಗೆ ಕೂರುವುದು ಬಿಟ್ಟರೆ ಸರಿಹೋಗುತ್ತದೆ ಎಂದರು ಸಾಹೇಬರು. ಮುಂದೆ ಸರಿಹೋಯಿತು ಕೂಡ. ವರ್ಷಗಟ್ಟಲೆ ಕುಡಿದು ಅಂಗಾಲು ಉರಿ ಎನ್ನುವವನೊಬ್ಬ ಬಂದಿದ್ದ, ಅವನಿಗೆ ಬೈಗುಳ ಸಿಕ್ಕಿತು. ಮರಗಟ್ಟಿದ್ದೆಲ್ಲ ಒಂದೇ ರೋಗವಲ್ಲ, ಕಾರಣ ಬೇರೆ ಬೇರೆ ಎಂದು ಸಾಹೇಬರು ಅವರವರಿಗೆ ಚೀಟಿ ಬರೆದು ಆಸ್ಪತ್ರೆಗೆ ಕಳಿಸುತ್ತಿದ್ದರು. ಕಾಯುತ್ತಾ ಕೂತವರು ಸುಮ್ಮನೆ ಕೂರಲಾಗದೆ ರೊಟ್ಟಿ ತಿನ್ನುತ್ತಿದ್ದರು. ಬೆಂಚು ಮತ್ತೆ ತುಂಬಿತು. ಎಲ್ಲರೂ ಬಂದರೆಂದಲ್ಲ. ಕೆಲವರು ಕೊನೆಯವರೆಗೂ ಆಚೆ ಬದಿಯ ಕ್ಯಾಂಟೀನಿಗೇ ಹೋಗುತ್ತಿದ್ದರು. ಅಕ್ಕ ಅವರ ಲೆಕ್ಕ ಇಡಲಿಲ್ಲ.

ಮಾತ್ರೆ ಶುರುವಾದ ಎರಡನೆಯ ವರ್ಷವಿರಬೇಕು. ಒಂದು ಬೆಳಿಗ್ಗೆ ನಾನು ತಲೆ ಬಾಚುತ್ತಿದ್ದೆ, ಜಗಲಿಯಿಂದ ಪಾತ್ರೆ ಬಿದ್ದ ಸದ್ದು, ಅದರ ಹಿಂದೆಯೇ ಅಕ್ಕನ ಕೂಗು. ಓಡಿಬಂದೆ. ಅಕ್ಕ ಎಡಗೈಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಹಾಲಿನ ಪಾತ್ರೆ ಕೆಳಗೆ ಉರುಳಿತ್ತು.

"ಸುಡ್ತು ಕಣ್ರೀ!" ಎಂದಳು. "ಟೀಚರಮ್ಮ, ಇಲ್ಲಿ... ಈ ಬೆರಳಿಗೆ ಚುರ್ ಅಂತು!"

ಬಲಗೈಯಲ್ಲಿ ಹಿಂದೆಯೇ ಹೋದದ್ದು ಬರುವುದಿಲ್ಲ, ಎಡಗೈಯಲ್ಲಿ ಈಚೆಗೆ ಹೋದದ್ದು ಸ್ವಲ್ಪ ಬಂದರೂ ಬರಬಹುದು ಎಂದು ಡಾಕ್ಟರು ಹೇಳಿದ್ದರು. ಆ ಸ್ವಲ್ಪ ಬಂದಿತ್ತು. ಎಡಗೈಯ ಉಂಗುರದ ಬೆರಳಿನ ಮೇಲೆ ಕೆಂಪಗೆ ಒಂದು ಬೊಬ್ಬೆ ಏಳುತ್ತಿತ್ತು. ಅಕ್ಕ ಅದನ್ನು ಭಾವನಿಗೆ ತೋರಿಸಿದಳು, ಸೈಕಲ್ ಅಂಗಡಿಯವನಿಗೆ ತೋರಿಸಿದಳು, ಬಸ್ಸಿನಿಂದ ಇಳಿದವರಿಗೆಲ್ಲ ತೋರಿಸಿದಳು. ಸುಟ್ಟುಕೊಂಡದ್ದಕ್ಕೆ ಅಷ್ಟು ಸಂಭ್ರಮಪಟ್ಟವರನ್ನು ನಾನು ಮತ್ತೆ ನೋಡಿಲ್ಲ. ಅಂದು ಬಂದವರಿಗೆಲ್ಲ ರೊಟ್ಟಿಯ ಜೊತೆ ಬೆಲ್ಲ ಕೊಟ್ಟಳು.

ಆಮೇಲೆ ಮಾತ್ರೆ ಮುಗಿಯಿತು. ನಿಧಾನವಾಗಿ ಮೈಬಣ್ಣವೂ ತಿಳಿಯಾಯಿತು. ಬಲಗೈಯ ಎರಡು ಬೆರಳು ಬಾಗಿದಂತೆಯೇ ಉಳಿದವು. ನನಗೆ ಅರಸೀಕೆರೆಯ ಕಡೆ ವರ್ಗವಾಯಿತು, ಮದುವೆಯಾಯಿತು. ಅಕ್ಕ ಭಾವ ನಮ್ಮೂರ ಪಕ್ಕದ ಮಾಲೇಕಲ್ಲಿನ ಬೆಟ್ಟ ಹತ್ತಲು ಬಂದಾಗ ನಮ್ಮ ತವರಿಗೂ ಬಂದಿದ್ದರು. ಅಕ್ಕ ಅಮ್ಮನ ಅಡುಗೆಮನೆಯಲ್ಲೇ ಕಾಲು ಚಾಚಿ ಕೂತು ಊಟ ಮಾಡಿ, ಹುಣಿಸೆಹಣ್ಣು ಕೇಳಿ ಕಟ್ಟಿಸಿಕೊಂಡು ಹೋದಳು. ಅವಳು ಹೋದ ಮೇಲೆ ಅಮ್ಮ, "ನಮ್ಮ ಒಲೆ ಮುಂದೇನೆ ಕೂತು ಉಂಡ್ಳಲ್ಲ" ಎಂದು ಆ ಬಾಗಿಲ ಕಡೆ ನೋಡಿದಳು. ಆಮೇಲೆ ಮಕ್ಕಳು, ಶಾಲೆ, ಅಪ್ಪನ ಕಾಯಿಲೆ... ಹೋಗಿ ಬರುವುದು ಕಮ್ಮಿಯಾಯಿತು. ಇದ್ದೊಂದು ಫೋನ್ ನಂಬರೂ ಯಾವಾಗಲೋ ಕೆಲಸ ಮಾಡುವುದನ್ನು ನಿಲ್ಲಿಸಿತು.

ಆ ವಾಸನೆ ಮೂಗಿಗೆ ಬಡಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನೆ ಭಾನುವಾರ ಹಳೇಬೀಡಿನ ಬಸ್ಸು ಹತ್ತಿದೆ. ಜಗಲಿ ಇದ್ದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಹಿಂದಿನ ಮನೆ ಹಾಗೇ ಇದೆ. ಭಾವ ಬಾಗಿಲಲ್ಲಿ ಕೂತಿದ್ದರು. ಕೂದಲೆಲ್ಲ ನೆರೆತಿತ್ತು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತಿಸಿದ ಮೇಲೆ, ನಾನು ಕೇಳುವ ಮುಂಚೆಯೇ, ಗೋಡೆಗೆ ಹಾಕಿದ ಫೋಟೋದ ಕಡೆ ಕೈ ತೋರಿಸಿದರು.

ಹೋದ ವರ್ಷವಂತೆ. ಎದೆನೋವು ಎಂದಳಂತೆ, ಹಾಸನಕ್ಕೆ ಕರೆದೊಯ್ಯುವಷ್ಟರಲ್ಲಿ ಆಗಿಹೋಯಿತಂತೆ. ನಿಮಗೆ ತಿಳಿಸೋಣವೆಂದರೆ ಎಲ್ಲಿ ಅಂತ ಹುಡುಕೋದು ಎಂದರು. ಎಂದೂ ಹೆಚ್ಚು ಮಾತಾಡದ ಭಾವ ನಿನ್ನೆ ಮಾತಾಡಿದರು.

"ತಿಥಿ ದಿನ ಎಲ್ರೂ ಬಂದಿದ್ರು ಟೀಚರಮ್ಮ. ಸೈಕಲ್ ಅಂಗಡಿಯೋನು ನಿಂತು ಬಡಿಸ್ದ. ಆಚೆ ಬೀದಿಯೋರು ಬಂದ್ರು, ಬಸ್ನೋರು ಬಂದ್ರು. ನಮ್ಮನೆ ಒಳಗೇ ಕೂತು ಉಂಡ್ರು. ಒಬ್ರೂ ಎಲೆ ಬಿಟ್ಟು ಎದ್ದೋಗ್ಲಿಲ್ಲ." ಫೋಟೋದ ಕಡೆ ತಿರುಗಿ, "ಅವ್ಳು ನೋಡ್ಬೇಕಿತ್ತು" ಎಂದರು.

ಆಮೇಲೆ ಎದ್ದು ಒಳಗೆ ಹೋಗಿ ತಟ್ಟೆ ತೊಳೆದು ತಂದಿಟ್ಟರು. "ನೀವೊಬ್ರೇ ಬಾಕಿ. ಕೂತ್ಕಳಿ."

ಮುದ್ದೆ, ಹುರುಳಿಕಾಳಿನ ಸಾರು. ಅವರೇ ಮಾಡಿದ್ದು. ಇನ್ನು ಈ ಊರಿನಲ್ಲಿ ಬಸ್ಸಿಳಿದು ಅಕ್ಕಾ ಎಂದು ಕೂಗಲು ನನಗೆ ಯಾರೂ ಇಲ್ಲ ಎಂದುಕೊಳ್ಳುತ್ತಲೇ ಉಣ್ಣುತ್ತಿದ್ದೆ. ಭಾವ ಇನ್ನೊಂದು ಮುದ್ದೆ ಹಾಕಲು ಬಂದರು. ಬೇಡ ಎನ್ನಲಿಲ್ಲ.